ಒಂದು ಅಂಗುಲ ನೀರಿಗೆ ಎಷ್ಟು ಯೂನಿಟ್?

ಕೋಲಾರದ ಕಡೆ ಯಾವ ತೋಟಕ್ಕೆ ಹೋದರೂ ಕೊಳವೆಬಾವಿಯ ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ ಕಾಣುತ್ತದೆ. ಬಾಗಿಲು ತೆರೆದರೆ ಸ್ಟಾರ್ಟರ್, ಅದರ ಮೇಲೆ ಮೂರು ಪುಟ್ಟ ದೀಪಗಳು: ಕೆಂಪು, ಹಳದಿ, ನೀಲಿ. ಮೂರೂ ಹೊತ್ತಿಕೊಂಡರೆ ಮೂರು ಫೇಸ್ ಬಂದಿದೆ ಎಂದು ಅರ್ಥ, ಮೋಟಾರು ಓಡುತ್ತದೆ. ಕರೆಂಟು ಯಾವ ಹೊತ್ತಿಗೆ ಬರುತ್ತದೋ ಗೊತ್ತಿಲ್ಲದ ಕಾಲದಲ್ಲಿ ರೈತರು ಕಂಡುಕೊಂಡ ಉಪಾಯ ‘ಆಟೋ’. ಸ್ವಿಚ್ಚನ್ನು ಅಲ್ಲಿಗೆ ತಿರುಗಿಸಿಟ್ಟರೆ ನಡುರಾತ್ರಿ ಎರಡು ಗಂಟೆಗೆ ಕರೆಂಟು ಬಂದರೂ ಮೋಟಾರು ತಾನಾಗಿಯೇ ಎದ್ದು ಕೂರುತ್ತದೆ. ಗಿಡಕ್ಕೆ ಆ ಹೊತ್ತಿನಲ್ಲಿ ನೀರು ಬೇಕಿತ್ತೋ ಇಲ್ಲವೋ ಎಂದು ಅದು ಕೇಳುವುದಿಲ್ಲ.

ಬಡತನದಿಂದ ಮೇಲೆ ಬರುತ್ತಿರುವ ಒಂದು ದೇಶ ಯಾವ ಶಕ್ತಿಮೂಲವನ್ನು ಆರಿಸಿಕೊಳ್ಳುತ್ತದೆ, ಅದರಿಂದ ಪರಿಸರಕ್ಕೆ ಏನಾಗುತ್ತದೆ ಎಂಬ ಚರ್ಚೆ ಸಾಮಾನ್ಯವಾಗಿ ಕಲ್ಲಿದ್ದಲಿನ ಹೊಗೆಯಿಂದ ಶುರುವಾಗಿ ಸೌರಫಲಕದಲ್ಲಿ ಮುಗಿಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಕೂತು ನೋಡಿದರೆ ಅದು ಅರ್ಧ ಕಥೆ. ಇಲ್ಲಿ ಕರೆಂಟಿನ ಬಗ್ಗೆ ತೆಗೆದುಕೊಂಡ ಪ್ರತಿಯೊಂದು ತೀರ್ಮಾನವೂ ಕೊನೆಗೆ ನೀರಿನ ತೀರ್ಮಾನವಾಗಿದೆ. ಹಾಗಾಗಿ ಲೆಕ್ಕವನ್ನು ಚಿಮಣಿಯ ತುದಿಯಿಂದಲ್ಲ, ಬಾವಿಯ ತಳದಿಂದ ಶುರುಮಾಡೋಣ.

ಒಂದು ಎಕರೆಯ ಮೇಲೆ ಒಂದು ಅಂಗುಲ ನೀರು ನಿಲ್ಲಿಸಲು ಸುಮಾರು ಒಂದು ಲಕ್ಷ ಲೀಟರ್ ಬೇಕು. ಒಂದು ಯೂನಿಟ್ ಕರೆಂಟು ಎಲ್ಲೂ ಪೋಲಾಗದೆ ದುಡಿದರೆ ಸಾವಿರ ಲೀಟರ್ ನೀರನ್ನು 367 ಮೀಟರ್ ಮೇಲೆತ್ತಬಲ್ಲದು. ಇದು ಶಾಲೆಯ ಭೌತಶಾಸ್ತ್ರ. ಆದರೆ ಮೋಟಾರು ಬಿಸಿಯಾಗುತ್ತದೆ, ಪಂಪು ಸವೆಯುತ್ತದೆ, ಪೈಪಿನೊಳಗೆ ಘರ್ಷಣೆಯಾಗುತ್ತದೆ. ಹಾಕಿದ ಕರೆಂಟಿನ ನೂರರಲ್ಲಿ ನಲವತ್ತು ಪಾಲು ಕೆಲಸಕ್ಕೆ ಬಂದರೆ ದೊಡ್ಡದು ಎಂದಿಟ್ಟುಕೊಳ್ಳಿ. ನೀರು 30 ಅಡಿಯ ತೆರೆದ ಬಾವಿಯಲ್ಲಿದ್ದರೆ ಆ ಒಂದು ಅಂಗುಲಕ್ಕೆ ಆರೇಳು ಯೂನಿಟ್ ಸಾಕು. ಅದೇ ನೀರು ಸಾವಿರ ಅಡಿಗೆ ಇಳಿದಿದ್ದರೆ 200 ಯೂನಿಟ್ ದಾಟುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ತಿಂಗಳಿಗೆ ಉಚಿತವಾಗಿ ಸಿಗುವ ಗರಿಷ್ಠ ಮಿತಿಯೂ 200 ಯೂನಿಟ್ಟೇ. ಒಂದು ಮನೆಯ ದೀಪ, ಫ್ಯಾನು, ಟಿವಿ, ಮಿಕ್ಸಿ ಎಲ್ಲದರ ಒಂದು ತಿಂಗಳ ಮಿತಿ ಇಲ್ಲಿ ಒಂದು ಎಕರೆಯ ಒಂದು ಅಂಗುಲ ನೀರಿನಲ್ಲಿ ಮುಗಿದುಹೋಯಿತು.

ಆ 200 ಯೂನಿಟ್ಟೂ ಕಲ್ಲಿದ್ದಲಿನಿಂದಲೇ ಬಂದಿದ್ದರೆ? ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಉರಿಯಬೇಕು, ಹತ್ತಿರ ಹತ್ತಿರ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಒಂದೂವರೆ ಕ್ವಿಂಟಲಿಗೆ ತುಸು ಕಡಿಮೆ ಕಲ್ಲಿದ್ದಲು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶವೇ ಮೂರನೇ ಒಂದು ಪಾಲಿನಷ್ಟಿರುವುದರಿಂದ ಇನ್ನೊಂದು ನಲವತ್ತೈದು ಕಿಲೋ ಬೂದಿ ರಾಯಚೂರಿನ ಶಾಖೋತ್ಪನ್ನ ಸ್ಥಾವರದಂಥ ಕಡೆ ಗುಡ್ಡೆ ಬೀಳುತ್ತದೆ. ಕರ್ನಾಟಕದ ಗ್ರಿಡ್‌ನಲ್ಲಿ ಜಲ, ಗಾಳಿ, ಬಿಸಿಲಿನ ಪಾಲು ದೊಡ್ಡದು, ಆದ್ದರಿಂದ ನಿಜವಾದ ಲೆಕ್ಕ ಇಷ್ಟು ಕೆಟ್ಟದಾಗಿಲ್ಲ. ಆದರೂ ಟೊಮೆಟೊ ಸಾಲಿನ ಕೆಳಗೆ ರಾಯಚೂರಿನ ಬೂದಿ ಇದೆ ಎಂಬುದು ಕಣ್ಣಿಗೆ ಕಾಣದ ಸಂಗತಿ.

ನೀರು ಸಾವಿರ ಅಡಿಗೆ ಇಳಿದದ್ದು ಹೇಗೆ? ಈ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ನಕ್ಷೆಯಲ್ಲಿ ಹರಿಯುವಷ್ಟು ನೆಲದ ಮೇಲೆ ಹರಿಯುವುದಿಲ್ಲ. ಅದಕ್ಕಾಗಿಯೇ ಹಿಂದಿನವರು ಸಾವಿರಾರು ಕೆರೆ ಕಟ್ಟಿದರು. ಕೆರೆಯ ಕೆಳಗಿನ ಬಾವಿಯಿಂದ ಕಪಿಲೆ ಹೂಡಿ ನೀರೆತ್ತುತ್ತಿದ್ದರು. ಕಪಿಲೆಗೊಂದು ಮಿತಿಯಿತ್ತು: ಎತ್ತುಗಳು ದಣಿಯುತ್ತಿದ್ದವು. ಎತ್ತು ದಣಿದಾಗ ಬಾವಿಗೆ ನೀರು ಜಿನುಗಲು ಬಿಡುವು ಸಿಗುತ್ತಿತ್ತು. ಪಂಪ್‌ಸೆಟ್ ಬಂದಾಗ ಹೋದದ್ದು ಆ ಬಿಡುವು.

ನಮ್ಮ ನೆಲದಡಿ ಇರುವುದು ಗಟ್ಟಿ ಕಲ್ಲು. ಮೇಲಿನ ಸವಕಲು ಪದರದಲ್ಲಿ ಮಳೆನೀರು ಬೇಗ ಇಂಗುತ್ತದೆ. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು. ಮೇಲಿನ ಪದರ ಬರಿದಾದ ಮೇಲೆ ಬಿರುಕು ಹುಡುಕಿಕೊಂಡು ಇನ್ನೂರು, ಐನೂರು, ಸಾವಿರ ಅಡಿಗೆ ಹೋದೆವು. ಆಳಕ್ಕೆ ಹೋದಷ್ಟೂ ಫ್ಲೋರೈಡ್ ಹೆಚ್ಚಿನ ನೀರು ಸಿಗತೊಡಗಿತು, ಹಲ್ಲು ಕಂದಿದವು, ಮಂಡಿ ಹಿಡಿದವು. ಮಳೆಯಿಂದ ವರ್ಷಕ್ಕೆ ಇಂಗುವುದಕ್ಕಿಂತ ಹೆಚ್ಚು ನೀರೆತ್ತುವ ತಾಲೂಕನ್ನು ಸರ್ಕಾರದ ಭಾಷೆಯಲ್ಲಿ ಅತಿಬಳಕೆಯ ತಾಲೂಕು ಎನ್ನುತ್ತಾರೆ. ಕೋಲಾರ ಜಿಲ್ಲೆ ಆ ಪಟ್ಟಿಯ ಹಳೆಯ ಸದಸ್ಯ.

ಇದರಲ್ಲಿ ಕರೆಂಟಿನ ದರದ ಪಾತ್ರ ದೊಡ್ಡದು. 2008ರಿಂದ ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ಪಂಪ್‌ಸೆಟ್‌ಗಳಿಗೆ ಕರೆಂಟು ಉಚಿತ. ಅದಕ್ಕೂ ಮೊದಲಿನಿಂದಲೇ ಮೀಟರಿನ ಮಾತು ಬಿಟ್ಟು ಎಚ್.ಪಿ. ಲೆಕ್ಕದಲ್ಲಿ ದರ ಕಟ್ಟುವ ಪದ್ಧತಿ ಬಂದಿತ್ತು. ಈಗ ರಾಜ್ಯದಲ್ಲಿ ಬಳಕೆಯಾಗುವ ಕರೆಂಟಿನ ಸುಮಾರು ಮೂರನೇ ಒಂದು ಪಾಲು ಪಂಪ್‌ಸೆಟ್‌ಗಳಿಗೆ ಹೋಗುತ್ತದೆ, ಖಜಾನೆ ವರ್ಷಕ್ಕೆ ಸಾವಿರಾರು ಕೋಟಿ ತುಂಬಿಕೊಡುತ್ತದೆ. ಪಟ್ಟಣದಲ್ಲಿ ಕೂತು ರೈತರು ಪುಕ್ಕಟೆ ಕರೆಂಟು ಪೋಲು ಮಾಡುತ್ತಾರೆ ಎನ್ನುವವರಿಗೆ ನನ್ನ ಬಳಿ ತಾಳ್ಮೆ ಕಡಿಮೆ. ಕಾಲುವೆಯ ಜಿಲ್ಲೆಗಳ ರೈತನಿಗೆ ಸರ್ಕಾರ ಅಣೆಕಟ್ಟು ಕಟ್ಟಿಸಿ, ಕಾಲುವೆ ತೋಡಿಸಿ, ನೀರನ್ನು ಗದ್ದೆಯ ಬದುವಿಗೇ ತಂದುಕೊಟ್ಟಿತು. ಕೋಲಾರದವನು ತನ್ನ ಅಣೆಕಟ್ಟನ್ನು ತಾನೇ, ಆರು ಅಂಗುಲ ಅಗಲ, ಸಾವಿರ ಅಡಿ ಆಳಕ್ಕೆ, ಸಾಲ ಮಾಡಿ ಕೊರೆಸಿಕೊಳ್ಳಬೇಕಾಯಿತು. ನೀರು ಬೀಳದಿದ್ದರೆ ಸಾಲ ಮಾತ್ರ ಉಳಿಯಿತು. ಉಚಿತ ಕರೆಂಟು ಆ ಅನ್ಯಾಯಕ್ಕೆ ಹಚ್ಚಿದ ಮುಲಾಮು. ಮುಲಾಮಿನಿಂದ ಗಾಯ ದೊಡ್ಡದಾಯಿತು ಎಂಬುದೂ ಅಷ್ಟೇ ನಿಜ: ಒಂದು ಗಂಟೆ ಹೆಚ್ಚು ಓಡಿಸಿದರೆ ಜೇಬಿಗೆ ಏನೂ ತಟ್ಟದಿದ್ದಾಗ, ನಾನು ನಿಲ್ಲಿಸಿದರೂ ಪಕ್ಕದವನು ಎಳೆದುಕೊಳ್ಳುತ್ತಾನೆ ಎಂದು ಗೊತ್ತಿದ್ದಾಗ, ಯಾವ ಬುದ್ಧಿವಂತನೂ ಮೋಟಾರು ನಿಲ್ಲಿಸುವುದಿಲ್ಲ.

ಇಂಥ ತೀರ್ಮಾನಗಳಿಗೆ ನಮ್ಮ ಜಿಲ್ಲೆಯಲ್ಲಿ ಹಳೆಯ ಇತಿಹಾಸವಿದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕರೆಂಟು ಹೊರಟು, ಸುಮಾರು 147 ಕಿಲೋಮೀಟರ್ ಕಂಬಿಯಲ್ಲಿ ಹರಿದು, ಕೋಲಾರದ ಚಿನ್ನದ ಗಣಿ ತಲುಪಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿಗೆ ದೀಪ ಬಂದದ್ದು ಮೂರು ವರ್ಷಗಳ ನಂತರ, 1905ರಲ್ಲಿ. ಅದಕ್ಕೆ ಮುನ್ನ ಗಣಿಗಳ ಉಗಿಯಂತ್ರಗಳು ಸೌದೆ, ಕಲ್ಲಿದ್ದಲು ತಿನ್ನುತ್ತಿದ್ದವು. ಹೊಗೆಯ ಲೆಕ್ಕ ಮಾತ್ರ ಹಾಕಿದರೆ ಜಲವಿದ್ಯುತ್ತು ಅದ್ಭುತವಾದ ಆಯ್ಕೆ, ಇಂದಿನ ಮಾತಿನಲ್ಲಿ ಹೇಳುವುದಾದರೆ ಹಸಿರು ಶಕ್ತಿ. ಆದರೆ ಆ ಹಸಿರು ಶಕ್ತಿಯಿಂದ ಆದ ಕೆಲಸವೇನು? ಆಳದಿಂದ ಬಂಡೆ ತೆಗೆದು, ಪುಡಿಮಾಡಿ, ಸಯನೈಡಿನಲ್ಲಿ ತೊಳೆದು ಚಿನ್ನ ತೆಗೆಯುವುದು. ಚಿನ್ನ ಹಡಗು ಹತ್ತಿ ಹೋಯಿತು. 2001ರಲ್ಲಿ ಗಣಿ ಮುಚ್ಚಿತು. ಕೆ.ಜಿ.ಎಫ್.ನಲ್ಲಿ ಉಳಿದದ್ದು ಸಯನೈಡ್ ದಿಬ್ಬಗಳು. ಬೇಸಿಗೆಯ ಗಾಳಿಗೆ ಅವುಗಳ ಧೂಳು ಇಂದಿಗೂ ಮನೆಗಳ ಮೇಲೆ ಬಂದು ಕೂರುತ್ತದೆ. ಶಕ್ತಿ ಎಲ್ಲಿಂದ ಬಂತು ಎಂದು ಕೇಳಿದಷ್ಟೇ ಗಟ್ಟಿಯಾಗಿ ಅದರಿಂದ ಏನು ಮಾಡಿದರು ಎಂದೂ ಕೇಳಬೇಕು ಎಂಬುದಕ್ಕೆ ಆ ದಿಬ್ಬಗಳಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಸೌದೆಯ ವಿಷಯಕ್ಕೆ ಬಂದರೆ ಇನ್ನೊಂದು ಎಡವಟ್ಟು. 1980ರ ದಶಕದಲ್ಲಿ ಹಳ್ಳಿಗಳ ಉರುವಲಿನ ಕೊರತೆ ನೀಗಿಸುವ ಹೆಸರಿನಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಸಾಮಾಜಿಕ ಅರಣ್ಯ ಯೋಜನೆ ಬಂತು. ಕೋಲಾರ, ತುಮಕೂರಿನ ಹೊಲಗಳಲ್ಲಿ ಎದ್ದದ್ದು ಬಹುಪಾಲು ನೀಲಗಿರಿ. ಅದು ಒಲೆಗಿಂತ ಹೆಚ್ಚಾಗಿ ಮರದ ತಿರುಳು ತೆಗೆಯುವ ಕಾರ್ಖಾನೆಗೆ ಹೋಯಿತು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಕೂಲಿಯೂ ಹೋಯಿತು, ಮೇವೂ ಹೋಯಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹಾಕಿ, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಬಿತ್ತಿದರು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ರೈತರಿಗೆ ಒಂದು ಬೆಳಗ್ಗೆ ಹೊಳೆದದ್ದು ಕಡತಕ್ಕೆ ತಲುಪಲು ಮೂವತ್ತನಾಲ್ಕು ವರ್ಷ ಹಿಡಿಯಿತು.

ಅದೇ ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನಲ್ಲಿ ಅದೇ ಕಾಲಕ್ಕೆ ಬೇರೆ ರೀತಿಯ ಪ್ರಯೋಗವೊಂದು ನಡೆಯುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ಕೆ.ಎನ್. ರೆಡ್ಡಿ ಮತ್ತು ಗೆಳೆಯರು 1974ರಲ್ಲಿ ಅಸ್ತ್ರ ಎಂಬ ತಂಡ ಕಟ್ಟಿ, ಉಂಗ್ರ ಗ್ರಾಮದಲ್ಲಿ ಕೇಂದ್ರ ತೆರೆದರು. ಅಲ್ಲಿಂದ ಹೊರಬಂದ ಅಸ್ತ್ರ ಒಲೆ ಎಷ್ಟೋ ಅಡುಗೆಮನೆಗಳ ಹೊಗೆ ಇಳಿಸಿತು, ಸೌದೆ ಉಳಿಸಿತು. ನನಗೆ ಅದಕ್ಕಿಂತ ಇಷ್ಟವಾದದ್ದು ಪಕ್ಕದ ಪುರ ಗ್ರಾಮದ ಕಥೆ. ಊರಿನ ದನಗಳ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ ಗೋಬರ್ ಗ್ಯಾಸ್ ಮಾಡಿ ಎಲ್ಲರ ಅಡುಗೆಗೆ ಕೊಡುವುದು ಮೊದಲ ಯೋಜನೆ. ಅದು ಕೈಕೊಟ್ಟಿತು: ಎಲ್ಲ ಒಲೆಗಳಿಗೆ ಸಾಕಾಗುವಷ್ಟು ಸಗಣಿಯೇ ಊರಿನಲ್ಲಿ ಇರಲಿಲ್ಲ. ಆಗ ಯೋಚನೆಯನ್ನೇ ತಿರುಗಿಸಿದರು. ಅದೇ ಅನಿಲದಿಂದ ಸಣ್ಣ ಎಂಜಿನ್ ಓಡಿಸಿ, ಕರೆಂಟು ಮಾಡಿ, ಕೊಳವೆಬಾವಿಯಿಂದ ಕುಡಿಯುವ ನೀರೆತ್ತಿ ನಲ್ಲಿಗಳಿಗೆ ಕೊಟ್ಟರು. ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಗೊಬ್ಬರದ ಬಗ್ಗಡ ವಾಪಸ್ ಸಿಗುತ್ತಿತ್ತು. ಗ್ರಿಡ್ಡಿನ ಕರೆಂಟು ಕೈಕೊಡುತ್ತಿದ್ದ ದಿನಗಳಲ್ಲಿ ಪುರದಲ್ಲಿ ಸಂಜೆ ದೀಪ ಉರಿಯುತ್ತಿತ್ತು.

ಇಲ್ಲಿನ ತಿರುವನ್ನು ಗಮನಿಸಿ. ‘ಇಷ್ಟು ಶಕ್ತಿ ಬೇಕು, ಎಲ್ಲಿಂದ ತರೋಣ’ ಎಂದು ಕೇಳುವ ಬದಲು ‘ಈ ಊರಿಗೆ ಯಾವ ಕೆಲಸ ಆಗಬೇಕು, ಅದಕ್ಕೆ ಅತಿ ಕಡಿಮೆ ಶಕ್ತಿಯಲ್ಲಿ ಯಾವ ದಾರಿ’ ಎಂದು ಕೇಳಿದರು. ರೆಡ್ಡಿಯವರು ಮುಂದೆ ಇದೇ ಪ್ರಶ್ನೆಯನ್ನು ಇಡೀ ಕರ್ನಾಟಕದ ವಿದ್ಯುತ್ ಯೋಜನೆಗೆ ಹಚ್ಚಿ, ಅಧಿಕೃತ ಅಂದಾಜುಗಳು ಬೇಡಿಕೆಯನ್ನು ಉಬ್ಬಿಸುತ್ತಿವೆ, ದಕ್ಷತೆ ಹೆಚ್ಚಿಸಿದರೆ ಅಷ್ಟು ಸ್ಥಾವರಗಳು ಬೇಕಿಲ್ಲ ಎಂದು ವಾದಿಸಿದರು. ಸ್ಥಾವರ ಕಟ್ಟುವುದರಲ್ಲಿ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ, ಗುತ್ತಿಗೆ ಇದೆ. ಒಳ್ಳೆಯ ಪಂಪು ಹಾಕಿಸುವುದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಈಗ ರಿಬ್ಬನ್ ಕತ್ತರಿಸಿದ ಊರಿಗೆ ಹೋಗೋಣ. ತುಮಕೂರು ಜಿಲ್ಲೆಯ ಪಾವಗಡ ತಾಲೂಕು ಮೂರು ಕಡೆ ಆಂಧ್ರಕ್ಕೆ ಒತ್ತಿಕೊಂಡಿದೆ; ಬರಗಾಲದ ಪಟ್ಟಿಯಲ್ಲಿ ಅದರ ಹೆಸರಿಲ್ಲದ ವರ್ಷ ಅಪರೂಪ. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದಿದೆ. 2018ರಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ ಪೂರ್ಣ ಸಾಮರ್ಥ್ಯ ತಲುಪಿತು. ಪಾವಗಡ ಎಂದರೆ ಜನರಿಗೆ ಮೊದಲು ನೆನಪಾಗುವುದು ಶನಿಮಹಾತ್ಮನ ದೇವಸ್ಥಾನ. ಶನಿ ಸೂರ್ಯನ ಮಗ; ಮಗನ ಕಾಟದಿಂದ ಬೇಸತ್ತ ಊರಿಗೆ ಕೊನೆಗೆ ಅಪ್ಪನೇ ಬಾಡಿಗೆ ಕೊಡಲು ಬಂದ ಎಂದು ಯಾರಾದರೂ ತಮಾಷೆ ಮಾಡಿದರೆ ತಪ್ಪಲ್ಲ.

ಬಾಡಿಗೆ ಎಂಬ ಮಾತನ್ನು ಬೇಕೆಂದೇ ಬಳಸಿದೆ. ಇಲ್ಲಿ ಜಮೀನನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಹಕ್ಕು ರೈತನದೇ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಹಾಕಿದ ಬೀಜವೂ ಬಾರದ ವರ್ಷಗಳನ್ನು ನೋಡಿದವರಿಗೆ ಇದು ಸಣ್ಣ ಮೊತ್ತವಲ್ಲ. ದೇಶದ ಬೇರೆ ಕಡೆಯ ಭೂಸ್ವಾಧೀನದ ಕಥೆಗಳ ಪಕ್ಕದಲ್ಲಿಟ್ಟರೆ ಪಾವಗಡದ ಮಾದರಿ ಎಷ್ಟೋ ಮರ್ಯಾದಸ್ಥವಾಗಿದೆ ಎಂದು ನನ್ನ ಅಭಿಪ್ರಾಯ.

ಆದರೆ ಬಾಡಿಗೆ ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಹೋಗುತ್ತಿದ್ದ ಹೆಂಗಸರಿಗೆ ಪಹಣಿಯಿಲ್ಲ. ಬೀಳುಬಿದ್ದ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಇಲ್ಲ. ಬೇಲಿಯೊಳಗೆ ಹುಲ್ಲು ಕತ್ತರಿಸುವ, ಫಲಕ ತೊಳೆಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು. ಹೊಲಗಳು ಕೊಡುತ್ತಿದ್ದಷ್ಟು ಜನಕ್ಕಲ್ಲ. ಫಲಕದ ಮೇಲೆ ಧೂಳು ಕೂತರೆ ಉತ್ಪಾದನೆ ಇಳಿಯುತ್ತದೆ, ಬಯಲುಸೀಮೆಯಲ್ಲಿ ಧೂಳಿಗೆ ಬರವಿಲ್ಲ. ಹಾಗಾಗಿ ನೀರಿಲ್ಲದ ತಾಲೂಕಿನಲ್ಲಿ ಬಿಸಿಲು ಕೊಯ್ಯಲೂ ನೀರು ಬೇಕಾಯಿತು.

ಇನ್ನೊಂದು ಪಕ್ಕದ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನಮ್ಮ ಬಿಸಿಲಿನಲ್ಲಿ ಒಂದು ಮೆಗಾವಾಟ್ ಸೌರಫಲಕ ವರ್ಷಕ್ಕೆ ಸರಿಸುಮಾರು 16ರಿಂದ 20 ಲಕ್ಷ ಯೂನಿಟ್ ಕೊಡುತ್ತದೆ. ಆ ದರದಲ್ಲಿ ಪಾವಗಡದ್ದು ಮುನ್ನೂರು ಕೋಟಿ ಯೂನಿಟ್ಟಿಗೂ ಮೇಲೆ. ಅಷ್ಟನ್ನು ಕಲ್ಲಿದ್ದಲಿನಿಂದ ಮಾಡಿದ್ದರೆ ವರ್ಷಕ್ಕೆ ಇಪ್ಪತ್ತು ಲಕ್ಷ ಟನ್ನಿಗೂ ಹೆಚ್ಚು ಕಲ್ಲಿದ್ದಲು ಹೊರರಾಜ್ಯಗಳಿಂದ ರೈಲಿನಲ್ಲಿ ಬಂದು ಉರಿಯಬೇಕಿತ್ತು. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲೇ ಇಲ್ಲ.

ಹೀಗಿರುವಾಗ ದೇಶ ಕಲ್ಲಿದ್ದಲನ್ನು ಯಾಕೆ ಬಿಡುತ್ತಿಲ್ಲ? ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು: ಸಾಮರ್ಥ್ಯ ಮತ್ತು ಉತ್ಪಾದನೆ. 2025ರ ಮಧ್ಯಭಾಗಕ್ಕೆ ಭಾರತದ ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ಅನಿಲ, ಡೀಸೆಲ್ ಅಲ್ಲದ ಮೂಲಗಳದಾಯಿತು. ಆದರೂ ಮನೆಗೆ ಬರುವ ಕರೆಂಟಿನಲ್ಲಿ ಹತ್ತರಲ್ಲಿ ಏಳು ಪಾಲಿನಷ್ಟು ಕಲ್ಲಿದ್ದಲಿನದೇ. ಕೊಟ್ಟಿಗೆಯಲ್ಲಿ ಹತ್ತು ಎತ್ತುಗಳಿದ್ದು ಅವುಗಳಲ್ಲಿ ಐದು ಬಿಸಿಲು ಬಂದಾಗ ಮಾತ್ರ ನೊಗಕ್ಕೆ ಕೊರಳು ಕೊಟ್ಟರೆ, ಹೊಲ ಯಾರು ಉತ್ತಂತಾಯಿತು? ಸಂಜೆ ಆರೂವರೆಗೆ ಪಾವಗಡ ಮಲಗುತ್ತದೆ. ಅದೇ ಹೊತ್ತಿಗೆ ಮನೆಗಳಲ್ಲಿ ದೀಪ, ಟಿವಿ, ಫ್ಯಾನು ಏಳುತ್ತವೆ. ಆ ಹೊತ್ತನ್ನು ಸಂಭಾಳಿಸಲು ಕಲ್ಲಿದ್ದಲು ಬೇಕು, ಇಲ್ಲವೇ ಹಗಲಿನ ಕರೆಂಟನ್ನು ಕೂಡಿಡಬೇಕು.

ಕೂಡಿಡುವ ಒಂದು ದಾರಿ ಬ್ಯಾಟರಿ. ಇನ್ನೊಂದು, ಹಗಲಿನಲ್ಲಿ ನೀರನ್ನು ಗುಡ್ಡದ ಮೇಲಕ್ಕೆ ಪಂಪ್ ಮಾಡಿ ಸಂಜೆ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುವುದು. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಇಂಥದೊಂದು ಯೋಜನೆಯನ್ನು ರಾಜ್ಯ ಮುಂದಿಟ್ಟಿದೆ. ಅಲ್ಲಿ ಅದಕ್ಕೆ ವಿರೋಧ ಜೋರಾಗಿದೆ, ಯಾಕೆಂದರೆ ಅದು ಸಿಂಹಬಾಲದ ಸಿಂಗಳೀಕಗಳ ಕಾಡು, ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಒಮ್ಮೆ ಮುಳುಗಿದವರ ಊರು. ಪಾವಗಡದ ಬಿಸಿಲನ್ನು ಬೆಂಗಳೂರಿನ ಸಂಜೆಗೆ ಮುಟ್ಟಿಸಲು ಮಲೆನಾಡಿನ ಕಾಡು ಜಾಗ ಬಿಡಬೇಕಾಗುತ್ತದೆ. ಲಾಭ ಒಂದು ಕಡೆ, ಬೆಲೆ ಇನ್ನೊಂದು ಕಡೆ: 1902ರ ಕಂಬಿ ಇನ್ನೂ ಉದ್ದವಾಗಿದೆ.

ಇದನ್ನೆಲ್ಲ ಹೇಳುವಾಗ ಹೊರಗಿನವರ ಉಪದೇಶಕ್ಕೂ ಒಂದು ಅಳತೆ ಇರಲಿ. ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಅಮೆರಿಕದವನದು ಅದರ ಆರೇಳು ಪಟ್ಟು. ಹೊಗೆ ಇಳಿಸಲು ದೇಶಗಳು ಮಾಡಿಕೊಂಡ ಕ್ಯೋಟೊ ಒಪ್ಪಂದದ ಕಾಲದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿಯಲ್ಲಿ ಕೂಲಿ ಸಂಘದ ಕುಟುಂಬಗಳಿಗೆ 5,500 ಗೋಬರ್ ಗ್ಯಾಸ್ ಘಟಕ ಕಟ್ಟುವ ಯೋಜನೆ ನಡೆಯಿತು. ಸೌದೆ ಉಳಿದುದಕ್ಕೆ ಲೆಕ್ಕ ಹಾಕಿ ಶ್ರೀಮಂತ ದೇಶಗಳು ಹಣ ಕೊಟ್ಟು, ಆ ಉಳಿತಾಯವನ್ನು ತಮ್ಮ ಖಾತೆಗೆ ಬರೆದುಕೊಳ್ಳುವ ವ್ಯವಸ್ಥೆ ಅದು. ಬಾಗೇಪಲ್ಲಿಯ ಹೆಂಗಸಿಗೆ ಹೊಗೆಯಿಲ್ಲದ ಒಲೆ ಸಿಕ್ಕಿತು, ಅದು ಒಳ್ಳೆಯದೇ. ಅವಳು ಉಳಿಸಿದ ಹೊಗೆಯ ಹೆಸರಿನಲ್ಲಿ ಎಲ್ಲೋ ಒಂದು ಕಾರ್ಖಾನೆ ನಿರಾಳವಾಗಿ ಹೊಗೆ ಬಿಟ್ಟಿರುತ್ತದೆ ಎಂಬುದನ್ನು ನೆನೆದರೆ ಮಾತ್ರ ಬಾಯಿ ಸ್ವಲ್ಪ ಕಹಿಯಾಗುತ್ತದೆ.

ಮತ್ತೆ ಬಾವಿಗೆ ಬರೋಣ. ಪಂಪ್‌ಸೆಟ್‌ಗಳಿಗೆ ಕರೆಂಟು ಹಂಚುವ ಲೈನಿಗೆ, ಅಂದರೆ ಫೀಡರ್‌ಗೆ, ಹತ್ತಿರದಲ್ಲೇ ಸೌರ ಘಟಕ ಕಟ್ಟಿ, ಹಗಲು ಹೊತ್ತಿನಲ್ಲಿ ಕರೆಂಟು ಕೊಡುವ ಕುಸುಮ್-ಸಿ ಯೋಜನೆ ಈಗ ಹಬ್ಬುತ್ತಿದೆ. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲೂಕಿನಲ್ಲಿ ಅಂಥ ಘಟಕವೊಂದರ ಉದ್ಘಾಟನೆಯಾಯಿತು. ರಾತ್ರಿ ಟಾರ್ಚ್ ಹಿಡಿದು, ಹಾವು ಚೇಳು ತುಳಿಯುವ ಭಯದಲ್ಲಿ ನೀರು ಹಾಯಿಸಲು ಹೋಗುವುದು ತಪ್ಪುತ್ತದೆ. ಇದೊಂದೇ ಕಾರಣಕ್ಕೆ ಯೋಜನೆ ಒಳ್ಳೆಯದು ಎನ್ನಬಹುದು. ದೂರದಿಂದ ಕರೆಂಟು ತರುವಾಗ ದಾರಿಯಲ್ಲಿ ಸೋರುವುದೂ ಕಡಿಮೆ. ಆದರೆ ಬಿಸಿಲಿನ ಕರೆಂಟು ಬಾವಿಗೆ ನೀರು ತುಂಬುವುದಿಲ್ಲ. ಹೊಗೆಯಿಲ್ಲದೆ ಎತ್ತಿದರೂ ಎತ್ತಿದ ನೀರು ಎತ್ತಿದ್ದೇ. ಇದುವರೆಗೆ ಕರೆಂಟಿನ ಕೊರತೆಯೇ ಅಂತರ್ಜಲಕ್ಕೆ ಒಂದು ಬಗೆಯ ಕಾವಲಾಗಿತ್ತು. ದಿನಕ್ಕೆ ಏಳು ಗಂಟೆ ಒಳ್ಳೆಯ ವೋಲ್ಟೇಜಿನ, ಬೆಲೆಯಿಲ್ಲದ ಕರೆಂಟು ಬಂದರೆ ಆ ಕಾವಲೂ ತೆಗೆದಂತೆ.

ಹಾಗಾದರೆ ನೀರಿನ ಮಟ್ಟ ಮೇಲೆ ಬಂದದ್ದೇ ಇಲ್ಲವೇ? ಬಂದಿದೆ. 2018ರ ಜೂನ್‌ನಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರು ಪಂಪುಗಳ ಮೂಲಕ ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಒಂದರ ಹಿಂದೊಂದು ಕೆರೆ ತುಂಬುತ್ತಾ ಹೋಗುತ್ತಿದೆ. ದಿನಕ್ಕೆ 44 ಕೋಟಿ ಲೀಟರ್ ಗುರಿಯ ಯೋಜನೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂಬ ಇಲ್ಲಿನವರ ಹೋರಾಟ ಇನ್ನೂ ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಆದರೆ ಆ ಕೆರೆಗಳ ಸುತ್ತಮುತ್ತ ಸತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಏರಿದ್ದನ್ನು ಜನ ಕಣ್ಣಾರೆ ಕಂಡಿದ್ದಾರೆ.

ಮೊದಲಿನ ಲೆಕ್ಕವನ್ನೇ ಇಲ್ಲಿಗೆ ತನ್ನಿ. ನೀರು ನೂರು ಅಡಿ ಮೇಲೆ ಬಂದರೆ ಎಕರೆಗೆ ಒಂದು ಅಂಗುಲಕ್ಕೆ ಸುಮಾರು 20 ಯೂನಿಟ್ ಉಳಿತಾಯ. ಒಂದು ಕೆರೆಯ ಹೂಳು ತೆಗೆದು, ರಾಜಕಾಲುವೆ ಬಿಡಿಸಿ ನೀರು ಇಂಗಿಸಿದರೆ, ಅದು ಯಾವ ವಿದ್ಯುತ್ ಯೋಜನೆಯ ಕಡತದಲ್ಲೂ ಬಾರದ ಒಂದು ಪುಟ್ಟ ಸ್ಥಾವರ. ಆ ಉಳಿತಾಯ ಉಳಿತಾಯವಾಗಿಯೇ ನಿಲ್ಲುತ್ತದೆಯೇ ಎಂಬುದು ಬೇರೆ ಮಾತು. ಕೆರೆ ತುಂಬಿದ ಊರುಗಳಲ್ಲಿ ಬೀಳುಬಿದ್ದಿದ್ದ ಜಮೀನಿಗೆಲ್ಲ ಟೊಮೆಟೊ ಕೋಲು ನೆಟ್ಟು, ಹೊಸ ಕೊಳವೆಬಾವಿಗೆ ಲಾರಿ ಕರೆಸುವುದು ಸಹಜ. ಎಷ್ಟು ಉಳಿಯಿತು, ಎಷ್ಟು ಮತ್ತೆ ಹೋಯಿತು ಎಂದು ತಿಳಿಯಲು ಆ ತಗಡಿನ ಪೆಟ್ಟಿಗೆ ತೆರೆದು ನೋಡಿದರೆ ಕೆಂಪು, ಹಳದಿ, ನೀಲಿ ದೀಪಗಳಿವೆ, ‘ಆಟೋ’ ಸ್ವಿಚ್ಚಿದೆ. ಮೀಟರ್ ಇಲ್ಲ.